ಕೆರಿಸ್ ಹಿಡಿಯ ಮೇಲೆ ಕೂತವರು ಯಾರು? ಮೊದಲು ಹೆಬ್ಬೆರಳು ನೋಡಿ

ಇಂಡೋನೇಷ್ಯಾದ ಬಾಲಿ ದ್ವೀಪದ ಕೆರಿಸ್ ಕಠಾರಿಯ ಹಿಡಿಯಲ್ಲಿ ಕೆತ್ತಿದ ಮೂರ್ತಿಯನ್ನು ಮೊದಲ ಸಲ ಕಂಡಾಗ ‘ರಾವಣ’ ಎಂದು ಬರೆದುಕೊಂಡಿದ್ದೆ. ಕೋರೆಹಲ್ಲು, ಉಬ್ಬಿದ ಕಣ್ಣು, ಅಗಲ ಮೂಗು, ಇನ್ನೇನು ಬೇಕು? ಆದರೆ ಅಲ್ಲಿ ಕೋರೆ ರಾಕ್ಷಸರಿಗೆ ಮಾತ್ರ ಮೀಸಲಲ್ಲ, ಉಗ್ರ ಬಲವುಳ್ಳ ದೇವರಿಗೂ ಉಂಟು. ಮುಖ ನೋಡಿ ಹೆಸರಿಟ್ಟರೆ ತಪ್ಪುವುದು ಇಲ್ಲೇ.

ಹಾಗಾಗಿ ನೇರ ಕೈಗೆ ಬನ್ನಿ. ಹೆಬ್ಬೆರಳಿನ ಉಗುರು ಉದ್ದವಾಗಿ, ಚೂಪಾಗಿ ಚಾಚಿದೆಯೇ? ಅದರ ಹೆಸರು ಪಂಚನಕ, ಅಂದರೆ ನಮ್ಮ ಪಂಚನಖವೇ. ಜಾವಾ ಮತ್ತು ಬಾಲಿಯ ಕಥೆಗಳಲ್ಲಿ ಅದು ವಾಯುವಿನ ಬಳಗದ ಆಯುಧ. ಬಾಯು, ಬಿಮ, ಅನೋಮಾನ್ ಎಂದು ಅವರು ಕರೆಯುವುದು ವಾಯು, ಭೀಮ, ಹನುಮರನ್ನು. ಹನುಮ–ಭೀಮ–ಮಧ್ವ ಎಂದು ವಾಯುವಿನ ಮೂರು ಅವತಾರಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಬೆಳೆದ ಉಡುಪಿ ಕಡೆಯವರಿಗೆ ಇದನ್ನು ನೆನಪಿಡುವುದು ಕಷ್ಟವಲ್ಲ. ಮಧ್ವರು ನಮ್ಮ ನಾಡಿನವರು, ಬಾಲಿಯ ಪಟ್ಟಿಯಲ್ಲಿ ಇಲ್ಲ. ಆದರೆ ಹನುಮನನ್ನೂ ಭೀಮನನ್ನೂ ವಾಯುವಿನ ಎಳೆಯಲ್ಲಿ ಪೋಣಿಸುವ ಭಾವ ಸಮುದ್ರದಾಚೆಯೂ ಇದೆ ಎನ್ನುವುದು ನನಗೆ ಇಂದಿಗೂ ರೋಮಾಂಚನ.

ಉಗುರು ಸಿಕ್ಕ ಮೇಲೆ ಮೂವರಲ್ಲಿ ಯಾರು? ಕೋತಿ ಮೂತಿ, ಬಾಲ ಇದ್ದರೆ ಅನೋಮಾನ್, ಚರ್ಚೆ ಬೇಡ. ಕೈಯಲ್ಲಿ ಪುಟ್ಟ ಪಾತ್ರೆಯಿದ್ದರೆ ಸಾಮಾನ್ಯವಾಗಿ ಬಾಯು. ಆ ಪಾತ್ರೆಯಲ್ಲಿರುವುದು ಅಮೃತ. ಬಿಮನಿಗೆ ತಲೆಯ ಹಿಂಬದಿಯಿಂದ ಮೇಲಕ್ಕೆ ಸುರುಳಿ ಸುತ್ತಿದ ಜಡೆಗಂಟು, ಹೆಸರು ‘ಸುಪಿತ್ ಉರಾಂಗ್’, ಸಿಗಡಿಯ ಕೊಂಡಿ ಎಂದರ್ಥ. ಎಚ್ಚರ: ಈ ಗಂಟು ಅರ್ಜುನನಿಗೂ ಘಟೋತ್ಕಚನಿಗೂ ಇದೆ, ಗಂಟೊಂದನ್ನೇ ನಂಬಬೇಡಿ.

ರಾವಣನಿಗೆ ಹತ್ತು ತಲೆ ಹುಡುಕುವುದೂ ವ್ಯರ್ಥ. ವಯಾಂಗ್ ತೊಗಲುಗೊಂಬೆಯಾಟದಲ್ಲಿ ಅವನನ್ನು ದಸಮುಕ ಎಂದು ಕರೆದರೂ ಗೊಂಬೆಗೆ ಇರುವುದು ಒಂದೇ ಮುಖ. ಬೇರೆ ಯಾವ ಲಕ್ಷಣವೂ ಸಿಗದಿದ್ದರೆ ‘ರಾಕ್ಷಸ’ ಎಂದಷ್ಟೇ ಬರೆದು ನಿಲ್ಲಿಸಿ. ಸುಮ್ಮನೆ ಹೆಸರು ಅಂಟಿಸುವುದಕ್ಕಿಂತ ಅದು ಪ್ರಾಮಾಣಿಕ.

ಬಾಲಿಯಲ್ಲಿ ಮೂರ್ತಿಯಿರುವ ಹಿಡಿಗೆ ‘ತೊಗೊಗನ್’ ಎನ್ನುತ್ತಾರೆ. ತೊಗೊಗ್ ಎಂದರೆ ವಿಗ್ರಹ. ರಾಜಮನೆತನದವು ಚಿನ್ನದವು, ಕೆಂಪುಕಲ್ಲು ಕೂರಿಸಿದವು. ಮಧ್ಯ ಜಾವಾಕ್ಕೆ ಬಂದರೆ ದೃಶ್ಯವೇ ಬೇರೆ. ಅಲ್ಲಿನ ‘ನುಂಗಾಕ್ ಸೆಮಿ’ ಹಿಡಿ ನುಣುಪಾಗಿ, ಸ್ವಲ್ಪ ಬಾಗಿ ನಿಂತ ಮರ, ಅಷ್ಟೆ. ಹೆಸರಿನ ಅರ್ಥ ಚಿಗುರೊಡೆದ ಮೋಟುಮರ. ಅದರ ಒಳಮೈಯಲ್ಲಿ ಎರಡು ಪುಟ್ಟ ಕೆತ್ತನೆಗಳು, ‘ಪತ್ರ’. ಇಸ್ಲಾಂ ಬಂದ ಮೇಲೆ ಮೂರ್ತಿ ಕರಗಿ ಉಳಿದ ಕುರುಹು ಅವು ಎಂದು ಹಲವರು ಓದುತ್ತಾರೆ. ನನಗೂ ಒಪ್ಪಿಗೆಯಾಗುವ ಓದು ಅದು: ಬಗ್ಗಿದ ತಲೆ, ಕೂತ ಮೈ ಇನ್ನೂ ಕಾಣಿಸುತ್ತದೆ.

ಸುಮಾತ್ರಾದಲ್ಲಿ ಈ ಕರಗುವಿಕೆಯ ನಡುವಿನ ಹಂತದಂಥದ್ದು ಸಿಗುತ್ತದೆ, ‘ಜಾವಾ ದೆಮಾಮ್’. ಜ್ವರ ಬಂದ ಜಾವಾದವ ಎಂದರ್ಥ. ತಲೆ ತಗ್ಗಿಸಿ, ಹೊಟ್ಟೆಯ ಮೇಲೆ ಕೈಕಟ್ಟಿ, ಚಳಿಗೆ ಮುದುಡಿದಂತೆ ಕೂತ ಆಕೃತಿ. ಕಣ್ಣು ಮೂಗು ಸ್ಪಷ್ಟವಿರುವುದಿಲ್ಲ, ತೋಳುಗಳನ್ನು ಹಿಡಿದು ಗುರುತಿಸಬೇಕು. ಮಲಯ ಪರ್ಯಾಯ ದ್ವೀಪದಲ್ಲೂ ಇದು ಉಂಟು, ಆದ್ದರಿಂದ ಊರು ಹೇಳಲು ಅವಸರ ಬೇಡ.

ಕೆರಿಸ್ ಅಲ್ಲದ ಕತ್ತಿಗಳೂ ಇವೆ. ಸುಮಾತ್ರಾದ ಬಾತಾಕ್ ಜನರ ‘ಪಿಸೋ ಸನಲೆಂಗಮ್’ ಕತ್ತಿಯ ಹಿಡಿಯಲ್ಲಿ ಇಡೀ ಮನುಷ್ಯಾಕೃತಿ. ನಿಯಾಸ್ ದ್ವೀಪದ ಕತ್ತಿಯಲ್ಲಿ ಬಾಯಿ ತೆರೆದ ‘ಲಸಾರ’ ಎಂಬ ಪುರಾಣಪ್ರಾಣಿ. ಒರೆಗೆ ಕಟ್ಟಿದ, ತಾಯಿತಗಳಿರುವ ಬೆತ್ತದ ಉಂಡೆಯೂ ಕಂಡರೆ ಅದು ನಿಯಾಸ್ ಕತ್ತಿಯೇ, ಅನುಮಾನ ಉಳಿಯುವುದಿಲ್ಲ.

ಕೊನೆಗೆ, ನಾನು ತಡವಾಗಿ ಕಲಿತದ್ದು. ಕೆರಿಸ್ ಹಿಡಿ ಅಲಗಿಗೆ ಕಾಯಂ ಅಂಟಿರುವುದಿಲ್ಲ. ‘ಪೆಸಿ’ ಎಂಬ ಅಲಗಿನ ಬಾಲಕ್ಕೆ ಬಟ್ಟೆಯನ್ನೋ ಕೂದಲನ್ನೋ ಸುತ್ತಿ ಬಿಗಿಯಾಗಿ ತೂರಿಸುತ್ತಾರೆ, ಬೇಕಾದಾಗ ಬದಲಿಸುತ್ತಾರೆ. ಜಾವಾದ ಅಲಗಿಗೆ ಬಾಲಿಯ ಹಿಡಿ ಬಂದು ಕೂತಿರಬಹುದು. ಅಲಗಿಗೆ ಒಂದು ಪುಟ, ಹಿಡಿಗೆ ಇನ್ನೊಂದು ಪುಟ ಇಟ್ಟುಕೊಳ್ಳಿ. ಮತ್ತೆ, ತಲೆಮಾರುಗಳ ಅಂಗೈ ಉಜ್ಜಿ ಮೂಗು, ಕೋರೆ ಸವೆದಿದ್ದರೆ ಕಂಕುಳ ಸಂದಿಯನ್ನೂ ಕಾಲುಗಳ ನಡುವನ್ನೂ ನೋಡಿ. ಬೆರಳು ತಾಗದ ಆ ಜಾಗದಲ್ಲಿ ಉಳಿಯ ಗೀರು ಇನ್ನೂ ಹರಿತವಾಗಿರುತ್ತದೆ.