ಮುಖ್ಯಸ್ಥರು ಇದ್ದಾರಲ್ಲ, ಮತ್ತೆ ಮೆಂಟರ್ ಯಾಕೆ?

ಪ್ರಶ್ನೆ: ಪಿಎಚ್‌ಡಿ ಮುಗಿಸಿ ವೈದ್ಯಕೀಯ ಸಂಶೋಧನೆಯ ಪ್ರಯೋಗಾಲಯವೊಂದನ್ನು ಸೇರಿದ್ದೇನೆ. ಮುಖ್ಯಸ್ಥರು ಒಳ್ಳೆಯವರು. ಆದರೂ ಹೊರಗೊಬ್ಬ ಮೆಂಟರ್ ಇರಲಿ ಎಂದು ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಬೇಕೇ? ಬೇಕಾದರೆ ಕೇಳುವುದು ಹೇಗೆ?

ಉತ್ತರ: ಬೇಕು. ಮುಖ್ಯಸ್ಥರು ಎಷ್ಟೇ ಒಳ್ಳೆಯವರಾದರೂ ಬೇಕು. ನಿಮ್ಮ ಪ್ರಯೋಗದ ಫಲಿತಾಂಶ ಅವರ ಅನುದಾನದ ವರದಿಗೂ ಬೇಕಲ್ಲವೇ? 'ಈ ಯೋಜನೆ ಬಿಟ್ಟು ನನ್ನದೇ ವಿಷಯ ಹಿಡಿಯಲೇ' ಎಂದು ನೀವು ಕೇಳಿದರೆ, ಅವರಿಗೆ ಅದು 'ತಂಡದಲ್ಲಿ ಒಬ್ಬರು ಕಡಿಮೆಯಾಗುತ್ತಾರೆ' ಎಂದೂ ಕೇಳಿಸುತ್ತದೆ. ಅದು ಅವರ ತಪ್ಪಲ್ಲ, ಕೂತ ಜಾಗದ ಗುಣ.

ಲೇಖನದಲ್ಲಿ ಯಾರ ಹೆಸರು ಇರಬೇಕು ಎಂಬ ತಕರಾರನ್ನೇ ನೋಡಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕರೆನಿಸಿಕೊಳ್ಳಲು 4 ಷರತ್ತುಗಳಿವೆ, ನಾಲ್ಕೂ ಪೂರೈಸಬೇಕು. ಅನುದಾನ ತಂದರು, ಮೇಲ್ವಿಚಾರಣೆ ಮಾಡಿದರು ಎಂಬಷ್ಟೇ ಕಾರಣ ಸಾಲದು. ಈ ನಿಯಮವನ್ನು ನಿಮ್ಮ ಮುಖ್ಯಸ್ಥರ ಮುಂದೆ ಯಾವಾಗ, ಯಾವ ದನಿಯಲ್ಲಿ ಎತ್ತಬೇಕೆಂದು ಮುಖ್ಯಸ್ಥರನ್ನೇ ಕೇಳಲು ಆಗುತ್ತದೆಯೇ?

ಅನುದಾನ ಕೊಡುವವರಿಗೂ ಈ ತೊಡಕು ಗೊತ್ತು. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಕೊಡುವ 'ಕೆ99/ಆರ್00' ಅನುದಾನದಲ್ಲಿ ಮೊದಲು 2 ವರ್ಷದವರೆಗೆ ಹಿರಿಯರ ಮಾರ್ಗದರ್ಶನ, ಆಮೇಲೆ 3 ವರ್ಷದವರೆಗೆ ಸ್ವತಂತ್ರ ಸಂಶೋಧನೆ. ಹೊರಡುವಾಗ ಅಭ್ಯರ್ಥಿ ಯಾವ ಕೆಲಸವನ್ನು ಜೊತೆಗೆ ಒಯ್ಯಬಹುದು ಎಂಬುದನ್ನು ಮಾರ್ಗದರ್ಶಕರು ಅರ್ಜಿಯಲ್ಲೇ ಬರೆದುಕೊಡಬೇಕು. ಅಂಥ ಅನುದಾನ ಇಲ್ಲದವರೂ ಈ ಒಂದು ಮಾತನ್ನು ಮೊದಲ ವರ್ಷದಲ್ಲೇ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ಇನ್ನು ಕೇಳುವ ಬಗೆ. 'ನನ್ನ ಮೆಂಟರ್ ಆಗುತ್ತೀರಾ' ಎಂದು ಮಾತ್ರ ಬರೆಯಬೇಡಿ. ಎಷ್ಟು ಹೊರೆ, ಎಷ್ಟು ದಿನ ಎಂದು ತಿಳಿಯದೆ ಯಾರೂ ಹೂಂ ಎನ್ನುವುದಿಲ್ಲ. ಹೀಗೆ ಬರೆದು ನೋಡಿ: 'ನಡುವೆ ಬಿಟ್ಟುಹೋದ ರೋಗಿಗಳ ಮಾಹಿತಿಯನ್ನು ನಿಮ್ಮ ಲೇಖನದಲ್ಲಿ ನಿಭಾಯಿಸಿದ ರೀತಿಯನ್ನು ಓದಿದೆ. ನನ್ನ ಅಧ್ಯಯನದ 120 ಜನರಲ್ಲಿ 31 ಮಂದಿ ಆರನೇ ತಿಂಗಳ ತಪಾಸಣೆಗೆ ಬರಲಿಲ್ಲ. ಒಂದು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. 20 ನಿಮಿಷ ಬಿಡುವು ಮಾಡಿಕೊಡಬಹುದೇ?' ಭೇಟಿಯಾದ ಮೇಲೆ ಅವರು ಹೇಳಿದ್ದರಲ್ಲಿ ಏನು ಮಾಡಿದಿರಿ, ಏನನ್ನು ಕೈಬಿಟ್ಟಿರಿ, ಯಾಕೆ ಎಂದು ನಾಲ್ಕು ಸಾಲು ಬರೆದು ಕಳಿಸಿ. ಎರಡನೆಯ ಭೇಟಿ ಸಿಗುವುದು ಆ ನಾಲ್ಕು ಸಾಲಿನಿಂದಲೇ.

ಎಲ್ಲಕ್ಕೂ ಒಬ್ಬರೇ ಸಿಗಲಿ ಎಂದು ಕಾಯಬೇಡಿ. ರೋಗಿಗಳ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಅರ್ಜಿ ತುಂಬಲು ನಿಮಗಿಂತ ಎರಡು ವರ್ಷ ಮುಂದಿರುವವರು ಪ್ರಾಧ್ಯಾಪಕರಿಗಿಂತ ವಾಸಿ, ಅವರಿಗೆ ಪೆಟ್ಟಿನ ನೆನಪು ಇನ್ನೂ ಹಸಿಯಾಗಿರುತ್ತದೆ. ಸಂಖ್ಯಾಶಾಸ್ತ್ರ ಬಲ್ಲವರೊಬ್ಬರನ್ನಂತೂ ದತ್ತಾಂಶ ಸಂಗ್ರಹಕ್ಕೆ ಮೊದಲೇ ಹಿಡಿದುಕೊಳ್ಳಿ.

ಹೊರಗಿನವರ ಸಲಹೆ ಮುಖ್ಯಸ್ಥರ ಮಾತಿಗೆ ವಿರುದ್ಧವಾದರೆ? 'ಅವರು ಹೀಗೆ ಹೇಳಿದರು' ಎಂದು ಹೆಸರು ಒಯ್ಯಬೇಡಿ, ಕಾರಣವನ್ನು ಮಾತ್ರ ಒಯ್ಯಿರಿ.