ನೆರಳು ಕಡಿಮೆ ಮಾಡಿ ಅಂದರೆ ಮರ ಉರುಳಿಸಿ ಅಂತಲ್ಲ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಕಾಫಿ ತೋಟಗಳಿಗೆ ಸಲಹೆ ಕೊಡುತ್ತಾ ತಿರುಗುವ ನನಗೆ ಗೊಬ್ಬರ, ರೋಗ, ಕೂಲಿಯವರ ಸಮಸ್ಯೆ ಇವು ಯಾವುವೂ ಅಷ್ಟಾಗಿ ತಲೆ ತಿನ್ನುವುದಿಲ್ಲ. ಅವಕ್ಕೆಲ್ಲ ಹೇಗೋ ದಾರಿ ಇದೆ. ತಲೆ ತಿನ್ನುವುದು ಕಾಫಿಗೆ ನೆರಳು ಕೊಡುವ ಮರಗಳ ಬಗ್ಗೆ ಬರುವ ಒಂದೇ ಮಾತು. "ಸಾರ್, ನೆರಳು ಜಾಸ್ತಿ ಆಗಿತ್ತು, ಮರ ತೆಗೆಸಿಬಿಟ್ಟೆ." ನಲವತ್ತು ವರ್ಷದ ಅತ್ತಿ ಮರವನ್ನು ಅರ್ಧ ಗಂಟೆಯಲ್ಲಿ ಮಲಗಿಸಿ, ಆಮೇಲೆ ಸರಿ ಮಾಡಿದೆನಾ ಅಂತ ನನ್ನನ್ನು ಕೇಳುತ್ತಾರೆ. ಏನು ಹೇಳಲಿ?

ಗೊಂದಲ ಎಲ್ಲಿ ಹುಟ್ಟುತ್ತದೆ ಅಂತ ನನಗೆ ಗೊತ್ತು. ತೋಟಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಕರಪತ್ರಗಳಲ್ಲಿ ಎರಡು ಪದ ಬರುತ್ತವೆ. ಒಂದು ಲಾಪಿಂಗ್, ಇನ್ನೊಂದು ಥಿನ್ನಿಂಗ್. ಲಾಪಿಂಗ್ ಅಂದರೆ ನಮ್ಮ ಮರಗಸಿ. ಮರ ನಿಂತಿರುತ್ತದೆ, ಕೊಂಬೆ ಹೋಗುತ್ತದೆ. ಥಿನ್ನಿಂಗ್ ಅಂದರೆ ಒತ್ತಾಗಿ ಬೆಳೆದ ಕಡೆ ಕೆಲವು ಮರಗಳನ್ನೇ ಆಯ್ದು ತೆಗೆಯುವುದು. ಇಷ್ಟೇ ಆಗಿದ್ದರೆ ಸುಲಭ ಇತ್ತು. ಆದರೆ ಪಾರ್ಕು, ರಸ್ತೆ ಬದಿಯ ಮರ ನೋಡಿಕೊಳ್ಳುವ ಹೊರದೇಶದವರು ತಲೆಯೊಳಗಿನ ಕೊಂಬೆ ಬಿಡಿಸುವುದಕ್ಕೂ ಥಿನ್ನಿಂಗ್ ಅಂತಲೇ ಹೇಳುತ್ತಾರೆ. ಕಾಡು ಬೆಳೆಸುವವರ ಬಾಯಲ್ಲಿ ಅದೇ ಪದಕ್ಕೆ ಮರವನ್ನೇ ಕಡಿಯುವ ಅರ್ಥ. ಯೂಟ್ಯೂಬ್‌ನಲ್ಲಿ ಒಂದು ನೋಡಿ, ಕರಪತ್ರದಲ್ಲಿ ಇನ್ನೊಂದು ಓದಿ, ಬೆಂಗಳೂರಿಂದ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಫೋನ್ ಮಾಡಿದರೆ ಕೊನೆಗೆ ಕೊಡಲಿ ಬೀಳುವುದು ಬುಡಕ್ಕೇ. ಹಳಬರಿಗೆ ಈ ಗೊಂದಲ ಇಲ್ಲ. ಮರಗಸಿ ಬೇರೆ, ಮರ ಕಡಿಸುವುದು ಬೇರೆ ಅಂತ ಕೂಲಿಯವರ ಲೈನ್ ಮನೆಯ ಹುಡುಗನಿಗೂ ಗೊತ್ತು.

ಆಲ್ದೂರಿನ ಆಚೆ ಒಂದು ತೋಟ. ಅರೇಬಿಕಾ ಜಾತಿಯ ಕಾಫಿ, ಪಶ್ಚಿಮಕ್ಕೆ ಇಳಿಜಾರು. ಅಪ್ಪ ತೀರಿಕೊಂಡ ಮೇಲೆ ಮಗ ನೋಡಿಕೊಳ್ಳುತ್ತಿದ್ದಾನೆ. ಒಳ್ಳೆಯ ಹುಡುಗ, ಕೆಲಸಗಾರರಿಗೆ ಹಬ್ಬಕ್ಕೆ ಬಟ್ಟೆ ತಪ್ಪಿಸುವುದಿಲ್ಲ, ನಾನು ಹೋದರೆ ಊಟ ಮಾಡದೆ ಬಿಡುವುದಿಲ್ಲ. ಯಾವುದೋ ತರಬೇತಿಯಲ್ಲಿ "ನೆರಳನ್ನು ಶೇ 30ರಷ್ಟು ಕಡಿಮೆ ಮಾಡಿ" ಅಂತ ಬರೆದುಕೊಂಡಿದ್ದಾನೆ. ಲ್ಯಾಪ್‌ಟಾಪಿನಲ್ಲಿ ಮರಗಳ ಲೆಕ್ಕ ಇತ್ತು. ಹತ್ತಕ್ಕೆ ಮೂರರಂತೆ ಕಡಿಯಲು ರೈಟರ್‌ಗೆ ಹೇಳಿದ. ಮರಗಸಿಗೆ ಬಂದ ಹಿರಿಯನಿಗೆ ಅನುಮಾನ. "ಸಾವ್ಕಾರ್ರನ್ನ ಇನ್ನೊಂದು ಸಲ ಕೇಳಿ, ಕೊಂಬೇನಾ, ಮರಾನಾ?" ಅಂದನಂತೆ. ಫೋನಿನಲ್ಲಿ "ಮರ" ಅಂತ ಉತ್ತರ ಬಂತು. ಆತ ಮತ್ತೆ ಕೇಳಲಿಲ್ಲ.

ನಾನು ಹೋದದ್ದು ಏಪ್ರಿಲ್‌ನಲ್ಲಿ. ಬ್ಲಾಕಿನೊಳಗೆ ನಡೆಯುವಾಗ ಹತ್ತು ಹೆಜ್ಜೆ ತಂಪು, ಮುಂದಿನ ಹತ್ತು ಹೆಜ್ಜೆ ನೆತ್ತಿ ಸುಡುವ ಬಿಸಿಲು. ಬಿಸಿಲು ಬಿದ್ದ ಕಡೆ ಎಲೆಗಳು ಹಳದಿ ತಿರುಗಿದ್ದವು, ತುದಿ ಸುಟ್ಟು ಕಂದಾಗಿತ್ತು. ಮಣ್ಣಿನ ಮೇಲಿನ ತರಗು ಕೈಯಲ್ಲಿ ಹಿಡಿದರೆ ಪುಡಿಪುಡಿ.

ಈ ಶೇ 30ರ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ಇಲ್ಲೇ ಎಡವುತ್ತಾರೆ.

ಹತ್ತು ನೆರಳು ಮರ ಇರುವ ಒಂದು ತುಂಡು ತೋಟ ಅಂದುಕೊಳ್ಳಿ. ಹತ್ತರಲ್ಲೂ ಕೆಳಗಿನ ಕೊಂಬೆ, ಒಳಗೆ ಹೆಣೆದುಕೊಂಡ ಕೊಂಬೆ ತೆಗೆಸಿದಿರಿ. ಈಗ ಬಿಸಿಲು ಜರಡಿಯಿಂದ ಇಳಿದ ಹಾಗೆ ಬೀಳುತ್ತದೆ. ಬೆಳಗ್ಗೆ ಒಂದು ಗಿಡದ ಮೇಲಿದ್ದ ಬಿಸಿಲು ಹನ್ನೊಂದು ಗಂಟೆಗೆ ಪಕ್ಕದ ಗಿಡಕ್ಕೆ ಸರಿದಿರುತ್ತದೆ. ಎಲ್ಲಾ ಗಿಡಕ್ಕೂ ಸ್ವಲ್ಪ ಸ್ವಲ್ಪ, ಯಾವುದಕ್ಕೂ ಇಡೀ ದಿನ ಇಲ್ಲ. ಈಗ ಇನ್ನೊಂದು ರೀತಿ. ಮೂರು ಮರ ಉರುಳಿಸಿದಿರಿ, ಏಳನ್ನು ಮುಟ್ಟಲಿಲ್ಲ. ಏಳು ಮರದ ಅಡಿಯಲ್ಲಿ ಮೊದಲಿನಷ್ಟೇ ಕತ್ತಲೆ. ಮೂರು ಮರ ಇದ್ದ ಕಡೆ ಬಟ್ಟಬಯಲು. ಕಾಗದದ ಮೇಲೆ ಸರಾಸರಿ ತೆಗೆದರೆ ಎರಡರಲ್ಲೂ ನೆರಳು ಕಡಿಮೆಯಾದದ್ದು ಅಷ್ಟೇ. ಗಿಡಕ್ಕೆ ಸರಾಸರಿ ಗೊತ್ತಿಲ್ಲ.

ಕತ್ತಲೆಯಲ್ಲಿ ಉಳಿದ ಗಿಡ ಉದ್ದುದ್ದ ಬೆಳೆದು ಎಲೆ ಬಿಡುತ್ತದೆ, ಹೂ ಕಡಿಮೆ. ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆ ರೋಗ ಬರುತ್ತದೆ. ಅಂದರೆ ಯಾವ ತೊಂದರೆಗೆ ಅಂತ ಮರ ಕಡಿಸಿದಿರೋ ಆ ತೊಂದರೆ ಅಲ್ಲೇ ಇದೆ. ಬಯಲಿಗೆ ಬಿದ್ದ ಗಿಡದ ಕಥೆ ಇನ್ನೂ ಮೋಸದ್ದು. ನೀರು, ಗೊಬ್ಬರ ಚೆನ್ನಾಗಿದ್ದರೆ ಅದು ಒಂದು ವರ್ಷ ಮೈತುಂಬಾ ಕಾಯಿ ಹಿಡಿಯುತ್ತದೆ. ಆಗ ನನಗೆ ಫೋನ್ ಬರುತ್ತದೆ. "ನೀವು ಬೇಡ ಅಂದ್ರಿ, ಫಸಲು ನೋಡಿ ಸಾರ್!" ನೋಡಿದ್ದೇನೆ. ಆ ಕಾಯಿಗಳನ್ನೆಲ್ಲ ಸಾಕುವಷ್ಟು ಎಲೆ ಗಿಡದಲ್ಲಿ ಇರುವುದಿಲ್ಲ. ಕೊಯ್ಲಿನ ಹೊತ್ತಿಗೆ ಎಲೆ ಉದುರಿ, ರೆಕ್ಕೆಗಳು, ಅಂದರೆ ಕಾಫಿ ಗಿಡದ ಪಕ್ಕದ ಕೊಂಬೆಗಳು, ತುದಿಯಿಂದ ಒಣಗುತ್ತಾ ಬರುತ್ತವೆ. ಮುಂದಿನ ವರ್ಷ ಹೂ ಬಿಡಲು ಹೊಸ ರೆಕ್ಕೆಯೇ ಇಲ್ಲ. ಆ ವರ್ಷ ಫೋನೂ ಇಲ್ಲ.

ಅರೇಬಿಕಾಗೆ ಇದಕ್ಕಿಂತ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಈ ದುಂಬಿಗೆ ಬಿಸಿಲು ಬೀಳುವ ಕಾಂಡ ಅಂದರೆ ಪ್ರೀತಿ. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಮಳೆ ಹೋದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರಾಡುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಹೋಗಿ ಕಾಫಿ ಕಾಂಡದ ತಿರುಳನ್ನೇ ತಿನ್ನುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲಿನ ಉಬ್ಬು ಗೆರೆ ಮಾತ್ರ, ಅದೂ ಬಗ್ಗಿ ನೋಡಿದರೆ. ಒಳಗೆ ಹೋದ ಹುಳುವಿಗೆ ಮೇಲಿನಿಂದ ಹೊಡೆಯುವ ಔಷಧ ತಲುಪುವುದಿಲ್ಲ. ಅಂಥ ಗಿಡ ಕಿತ್ತು ಸುಡಬೇಕು. ಇದನ್ನು ತಡೆಯಲು ಇರುವ ಉಪಾಯಗಳಲ್ಲಿ ಮೊದಲನೆಯದು ಸಮನಾದ ನೆರಳು. ಅದನ್ನೇ ನಾವು ದುಡ್ಡು ಕೊಟ್ಟು ತೆಗೆಸುತ್ತೇವೆ. ಇನ್ನೊಂದು ಜಾತಿಯ ಕಾಫಿ ರೋಬಸ್ಟಾ ಬೆಳೆಯುವವರು ಇದನ್ನು ಓದಿ ಗಾಬರಿ ಆಗಬೇಕಿಲ್ಲ, ಅವರಿಗೆ ಈ ದುಂಬಿಯ ಕಾಟ ಅಷ್ಟಿಲ್ಲ.

ರೋಬಸ್ಟಾ ಅಂದಾಗ ಇನ್ನೊಂದು ಮಾತು. 2024ರಲ್ಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಯಿ) 50 ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿದ ಮೇಲೆ ತೋಟ ಬಯಲು ಮಾಡುವ ಹುಚ್ಚು ಜಾಸ್ತಿಯಾಗಿದೆ. ರೋಬಸ್ಟಾಗೆ ನೆರಳು ಕಡಿಮೆ ಸಾಕು, ಸ್ಪ್ರಿಂಕ್ಲರ್ ಇದ್ದರೆ ಇನ್ನೂ ಕಡಿಮೆಯಲ್ಲಿ ನಿಭಾಯಿಸುತ್ತದೆ, ಒಪ್ಪುತ್ತೇನೆ. ಆದರೆ ಪಕ್ಕದ ಗೌಡರ ರೋಬಸ್ಟಾ ನೋಡಿಕೊಂಡು ಬಂದು ತಮ್ಮ ಅರೇಬಿಕಾದ ಮರ ಕಡಿಸುವವರಿಗೆ ಏನು ಹೇಳುವುದು? ಇಳಿಜಾರಿನ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ದಕ್ಷಿಣ, ಪಶ್ಚಿಮಕ್ಕೆ ಮುಖ ಮಾಡಿದ ತೋಟಕ್ಕೆ ಮಧ್ಯಾಹ್ನದ ಬಿಸಿಲು ನೇರ, ಅಲ್ಲಿ ನೆರಳು ಜಾಸ್ತಿ ಬೇಕು. ಉತ್ತರ, ಪೂರ್ವದ ಕಡೆ ಕಡಿಮೆ ಸಾಕು. ಹಾಗಾಗಿ ಎಷ್ಟು ತೆಗೆಯಬೇಕು ಅಂತ ಫೋನಿನಲ್ಲಿ ಕೇಳಬೇಡಿ. ತೋಟ ನೋಡದೆ ನಾನು ಅಂಕಿ ಹೇಳುವುದಿಲ್ಲ. ಹೇಳುವವರು ಇದ್ದಾರೆ, ಅವರನ್ನು ನಂಬುವುದು ನಿಮಗೆ ಬಿಟ್ಟದ್ದು.

ಯಾವಾಗ ಮಾಡಿಸಬೇಕು ಅನ್ನುವುದರಲ್ಲೂ ಅವಸರ ನೋಡುತ್ತೇನೆ. ಕೊಯ್ಲು ಮುಗಿಯಿತು, ಆಳು ಖಾಲಿ ಇದ್ದಾರೆ ಅಂತ ಫೆಬ್ರವರಿಯಲ್ಲೇ ಬೋಳಿಸಿಬಿಡುತ್ತಾರೆ. ಮುಂದಿನದು ಮಾರ್ಚ್. ನೆರಳು ತುಂಬಾ ಬೇಕಾದ ತಿಂಗಳು ಅದೇ. ನನ್ನ ಮಟ್ಟಿಗೆ ಕಾಫಿ ಹೂ ಅರಳಿಸುವ ಹೂಮಳೆ, ಅದರ ಬೆನ್ನಿಗೆ ಬರುವ ಮಳೆ ಎರಡೂ ಆದ ಮೇಲೆ, ಮುಂಗಾರು ಜೋರಾಗುವ ಮೊದಲು ಮರಗಸಿ ಮುಗಿಸುವುದು ಒಳ್ಳೆಯದು. ಮೋಡ ಕವಿದ ತಿಂಗಳುಗಳಲ್ಲಿ ಬೆಳಕು ಸಿಗುತ್ತದೆ, ಬೇಸಿಗೆಯ ಹೊತ್ತಿಗೆ ಮರ ಮತ್ತೆ ಚಿಗುರಿರುತ್ತದೆ. ಕಡಿದ ಮರ ಚಿಗುರಿ ನೆರಳು ಕೊಡುತ್ತದಾ? ಇದೊಂದು ಪ್ರಶ್ನೆ ಕೇಳಿಕೊಂಡರೂ ಸಾಕಿತ್ತು.

ಕೆಲಸ ಯಾರಿಗೆ, ಹೇಗೆ ಕೊಡುತ್ತೀರಿ ಅನ್ನುವುದೂ ಮುಖ್ಯ. "ಕೂಲಿ ಬೇಡ, ಸೌದೆ ನನಗೆ ಬಿಡಿ" ಅಂತ ಒಬ್ಬ ಗುತ್ತಿಗೆದಾರ ಬಂದರೆ ಲಾಭ ಅನ್ನಿಸುತ್ತದೆ. ಅವನಿಗೆ ದುಡ್ಡು ಸಿಗುವುದು ಕಡಿದದ್ದರಲ್ಲಿ, ಬಿಟ್ಟದ್ದರಲ್ಲಿ ಅಲ್ಲ. ಬೆರಳು ದಪ್ಪದ ಕೊಂಬೆಗಳನ್ನು ಅವನು ಯಾಕೆ ಬಿಡಿಸುತ್ತಾನೆ? ತೊಡೆ ದಪ್ಪದ್ದಕ್ಕೇ ಕೈ ಹಾಕುತ್ತಾನೆ. ದಿನಗೂಲಿ ಕೊಟ್ಟು, ಮರಗಸಿ ಗೊತ್ತಿರುವವರಿಂದ ಮಾಡಿಸಿ. ದುಬಾರಿ ಹೌದು. ಅಂಥವರು ಈಗ ಸಿಗುವುದೂ ಕಷ್ಟ, ಅವರ ಮಕ್ಕಳು ಚಿಕ್ಕಮಗಳೂರಿನಲ್ಲಿ ಆಟೋ ಓಡಿಸುತ್ತಿದ್ದಾರೆ. ಮರದ ಮೇಲೆ ಕೂತು ಕೆಳಗಿನ ಕಾಫಿ ಗಿಡ ನೋಡಿ ಕೊಂಬೆ ಆರಿಸುವ ಆ ಕಣ್ಣು ಮೆಷಿನ್ ಹಿಡಿದು ಬರುವ ಹುಡುಗರಿಗೆ ಇನ್ನೂ ಬಂದಿಲ್ಲ.

ಕೊಂಬೆ ಕಡಿಯುವುದನ್ನು ಹತ್ತಿರ ನಿಂತು ನೋಡಿ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅರ್ಧಕ್ಕೆ ಮುರಿದು, ಬೀಳುವಾಗ ಬೊಡ್ಡೆಯ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಹೋಗುತ್ತದೆ. ಮೊದಲು ಕೆಳಗಿನಿಂದ ಒಂದು ಕಚ್ಚು. ಆಮೇಲೆ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ತ. ಭಾರ ಇಳಿದ ಮೇಲೆ ಉಳಿದ ಮೋಟನ್ನು ಬೊಡ್ಡೆಯ ಹತ್ತಿರ, ಕೊಂಬೆ ಹುಟ್ಟುವ ಕಡೆಯ ಉಬ್ಬನ್ನು ಉಳಿಸಿ, ನೀರು ನಿಲ್ಲದ ಹಾಗೆ ಓರೆಯಾಗಿ ತೆಗೆಯಬೇಕು. ಉದ್ದ ಮೋಟು ಬಿಟ್ಟರೆ ಅದು ಕೊಳೆತು, ಕೊಳೆ ಬೊಡ್ಡೆಯೊಳಕ್ಕೆ ಇಳಿಯುತ್ತದೆ. ವಿದ್ಯುತ್ ತಂತಿ ಹತ್ತಿರ ಇದ್ದರೆ ವಿದ್ಯುತ್ ಕಂಪನಿಯವರಿಗೆ ಹೇಳಿ ಲೈನ್ ತೆಗೆಸದೆ ಯಾರನ್ನೂ ಮರ ಹತ್ತಿಸಬೇಡಿ. ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ನಮ್ಮ ಮಲೆನಾಡಿನಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಇದರಲ್ಲಿ ರಿಯಾಯಿತಿ ಇಲ್ಲ.

ಹಾಗಂತ ಮರವನ್ನು ಕಡಿಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಮೆಣಸು ಹಬ್ಬಿಸಲು ಒತ್ತೊತ್ತಾಗಿ ನೆಟ್ಟ ಸಿಲ್ವರ್ ಓಕ್ ಬೆಳೆದು ತಲೆಗೆ ತಲೆ ತಾಗಿದಾಗ ಕೆಲವನ್ನು ತೆಗೆಯಲೇಬೇಕು. ಪೊಳ್ಳಾದ ಮರ, ವಾಲಿದ ಮರ ತೆಗೆಯಬೇಕು. ಆಗ ಒಂದೇ ವರ್ಷದಲ್ಲಿ ಮುಗಿಸದೆ ಎರಡು ಮೂರು ವರ್ಷಕ್ಕೆ ಹಂಚಿ. ಮೊದಲು ಕೊಂಬೆ ಇಳಿಸಿ, ಆಮೇಲೆ ಬೊಡ್ಡೆ. ಇಲ್ಲದಿದ್ದರೆ ಬೀಳುವ ಮರ ಹದಿನೈದು ಕಾಫಿ ಗಿಡಗಳ ಮೇಲೆ ಮಲಗುತ್ತದೆ, ಹಬ್ಬಿದ ಮೆಣಸಿನ ಬಳ್ಳಿಯೂ ಜೊತೆಗೆ ಹೋಗುತ್ತದೆ. ನೆಲದಲ್ಲಿ ಉಳಿದ ಬೊಡ್ಡೆಯನ್ನು ಮರೆಯಬೇಡಿ. ಸತ್ತ ಬೇರಿನಲ್ಲಿ ಬೆಳೆಯುವ ಶಿಲೀಂಧ್ರ ಮಣ್ಣೊಳಗೇ ಕಾಫಿ ಬೇರಿಗೆ ದಾಟುತ್ತದೆ. ವರ್ಷ ಎರಡು ವರ್ಷ ಕಳೆದ ಮೇಲೆ ಒಂದು ಬೊಡ್ಡೆಯ ಸುತ್ತ ಗಿಡಗಳು ಒಂದೊಂದಾಗಿ ಒಣಗಿದರೆ ಗೊಬ್ಬರ ಸಾಲದು ಅಂದುಕೊಳ್ಳಬೇಡಿ, ಬೇರು ಅಗೆದು ನೋಡಿ. ಸಾಧ್ಯವಿದ್ದರೆ ಬೊಡ್ಡೆಯನ್ನು ಬೇರು ಸಮೇತ ಕಿತ್ತು ತೆಗೆಯುವುದೇ ಮೇಲು.

ಕಾನೂನಿನ ವಿಷಯ ಚಿಕ್ಕದಾಗಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣದಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ಹೊನ್ನೆ, ತೇಗ ಅಂದರೆ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಬನ್ನಿ. ನಾನು ವಕೀಲನಲ್ಲ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಈಗಾಗಲೇ ಕಡಿಸಿಬಿಟ್ಟವರು ಏನು ಮಾಡಬೇಕು? ಆಲ್ದೂರಿನ ಹುಡುಗನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಮುಂಗಾರು ಹಿಡಿದ ಕೂಡಲೇ ಬಯಲಾದ ಕಡೆ ಹಾಲುವಾಣದ ಗೂಟ ನೆಡಿಸಿ. ಬೇಗ ಚಿಗುರುತ್ತದೆ, ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಅದರ ಮಧ್ಯೆ ಅತ್ತಿ, ಬಸರಿ, ಹಲಸು ಏನಾದರೂ ಶಾಶ್ವತವಾದದ್ದನ್ನು ಈಗಲೇ ಹಾಕಿ. ಗೂಟಕ್ಕೆ ಎಮ್ಮೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಅರೇಬಿಕಾ ಆದರೆ, ದುಂಬಿ ಹಾರುವ ಮೊದಲು ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿಸಿ. ಕತ್ತಿಯಿಂದ ಹೆರೆಯಬಾರದು, ಹಸಿ ತೊಗಟೆಗೆ ಗಾಯ ಆಗುತ್ತದೆ. ಆಮೇಲೆ ಕಾಂಡಕ್ಕೆ, ದಪ್ಪ ರೆಕ್ಕೆಗಳ ಬುಡಕ್ಕೆ ಸುಣ್ಣ ಬಳಿಸಿ. ನೂರು ಲೀಟರ್ ನೀರಿಗೆ ಹತ್ತು ಕೆ.ಜಿ. ಸುಣ್ಣ, ಚೆನ್ನಾಗಿ ಸೋಸಿದ್ದು. ಮಳೆಗೆ ತೊಳೆದು ಹೋದರೆ ಮತ್ತೆ ಬಳಿಸಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.