ಗೇರ್‌ಬಾಕ್ಸ್ ಇಳಿಸುವ ಮುಂಚೆ

ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೆಯುತ್ತಿದೆ ಎಂದು ಬರುವವರಲ್ಲಿ ಹೆಚ್ಚಿನವರು ಅರ್ಧ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಲೇಬೇಕು’ ಅಂತ ಯಾರೋ ಹೆದರಿಸಿ ಕಳಿಸಿರುತ್ತಾರೆ. ಇಳಿಸೋದು ಕೊನೆಯ ಕೆಲಸ. ನಾನು ಮೊದಲು ಕೇಳೋದು ಒಂದೇ: ಯಾವಾಗ ಆಗುತ್ತದೆ? ಇಂಜಿನ್ ತಣ್ಣಗಿದ್ದಾಗಲಾ, ಅರ್ಧ ಗಂಟೆ ಓಡಿದ ಮೇಲಾ? ಎಲ್ಲ ಗೇರ್‌ನಲ್ಲೂನಾ, ಒಂದರಲ್ಲಿ ಮಾತ್ರಾನಾ? ಜೋರಾಗಿ ಒತ್ತಿದಾಗಲಾ, ಮೆಲ್ಲಗೆ ಒಂದೇ ವೇಗದಲ್ಲಿ ಹೋಗುವಾಗಲಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚುವ ಮುಂಚೆಯೇ ಅರ್ಧ ಕೆಲಸ ಆಗಿರುತ್ತದೆ. ಹಾಗಾಗಿ ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಎರಡು ದಿನ ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಿಮ್ಮ ಕಾರಿನಲ್ಲಿರುವುದು ಯಾವ ಆಟೋಮ್ಯಾಟಿಕ್ ಅನ್ನೋದೂ ಗೊತ್ತಿರಲಿ. ಎರಡೇ ಪೆಡಲ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದರಲ್ಲಿ ಗೇರ್ ಬದಲಾಗುವಾಗ ಸ್ವಲ್ಪ ತಲೆ ಅಲ್ಲಾಡೋದು ಹುಟ್ಟುಗುಣ, ಕಾಯಿಲೆ ಅಲ್ಲ. ಸಿವಿಟಿಯಲ್ಲಿ ಗೇರಿನ ಬದಲು ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನ್. ಡಿಸಿಟಿಯಲ್ಲಿ ಎರಡು ಕ್ಲಚ್. ಇಲ್ಲಿ ನಾನು ಹೇಳುತ್ತಿರುವುದು ಹೆಚ್ಚಾಗಿ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಬಗ್ಗೆ.

ಈಗ ‘ಯಾವಾಗ’ ಅನ್ನೋ ಪ್ರಶ್ನೆಗೆ ಬರೋಣ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಡಿ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಸುಮ್ನೆ ನಿಂತು, ಆಮೇಲೆ ಧಡ್ ಅಂತ ಎಳೆದರೆ, ಮೊದಲು ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡಬೇಕು. ಮಟ್ಟ ಸರಿ ಇದ್ದರೆ ಒಳಗಿನ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು, ಇಲ್ಲವೇ ಕನ್ವರ್ಟರಿನಲ್ಲಿದ್ದ ಆಯಿಲ್ ರಾತ್ರಿ ಕೆಳಗಿಳಿದು ಬೆಳಿಗ್ಗೆ ಪಂಪು ಮತ್ತೆ ತುಂಬಿಸಬೇಕಾಗಿರಬಹುದು. ಇದರ ತದ್ವಿರುದ್ಧ ಇನ್ನೊಂದಿದೆ: ತಣ್ಣಗಿದ್ದಾಗ ಚೆನ್ನಾಗಿಯೇ ಇರುತ್ತದೆ, ಬಿಸಿಯಾದ ಮೇಲೆ ಸ್ಲಿಪ್ ಶುರು. ಇಂಜಿನ್ ರೇಸ್ ಆಗುತ್ತದೆ, ಕಾರು ಮಾತ್ರ ಮುಂದೆ ಹೋಗಲ್ಲ. ನನಗೆ ಜಾಸ್ತಿ ಚಿಂತೆ ಆಗೋದು ಇದರದ್ದೇ, ಯಾಕೆಂದರೆ ಬಿಸಿಗೆ ಆಯಿಲ್ ತೆಳುವಾದಾಗ ಸವೆದ ಪಂಪು, ಸವೆದ ವಾಲ್ವ್, ಹರಿದ ಸೀಲ್ ಇವೆಲ್ಲದರ ಸಂದಿಯಿಂದ ಒತ್ತಡ ಸೋರಿಹೋಗುತ್ತದೆ.

ಎಲ್ಲ ಗೇರ್‌ನಲ್ಲೂ ಸ್ಲಿಪ್ ಆದರೆ ಎಲ್ಲಕ್ಕೂ ಸೇರಿದ ಯಾವುದೋ ಒಂದು ಕೆಟ್ಟಿದೆ: ಆಯಿಲ್ ಕಮ್ಮಿ, ಫಿಲ್ಟರ್ ಕಟ್ಟಿದೆ, ಪಂಪು ಸೋತಿದೆ. ಒಂದೇ ಗೇರ್‌ನಲ್ಲಾದರೆ ಆ ಗೇರಿನ ಕ್ಲಚ್, ಅದಕ್ಕೆ ಆಯಿಲ್ ಬಿಡುವ ವಿದ್ಯುತ್ ವಾಲ್ವ್ ಆದ ಸೋಲೆನಾಯ್ಡ್, ಅದರ ಸೀಲ್, ಅಷ್ಟರಲ್ಲೇ ಹುಡುಕಬೇಕು.

ಜನ ತುಂಬಾ ಗೊಂದಲಕ್ಕೆ ಬೀಳೋದು ನಡುಕದ ವಿಷಯದಲ್ಲಿ. ಗಂಟೆಗೆ 60ರಿಂದ 80 ಕಿ.ಮೀ. ವೇಗ, ಆಕ್ಸಿಲರೇಟರ್ ಮೇಲೆ ಕಾಲು ಹಗುರ, ಆಗ ಒಂದೆರಡು ಸೆಕೆಂಡ್ ಕಾರು ರಸ್ತೆಯ ರಂಬಲ್ ಪಟ್ಟಿ ಮೇಲೆ ಹೋದ ಹಾಗೆ ಗಡಗಡ ಅನ್ನುತ್ತದೆ. ಕನ್ವರ್ಟರ್ ಒಳಗೆ ಒಂದು ಲಾಕ್‌ಅಪ್ ಕ್ಲಚ್ ಇದೆ. ವೇಗ ಹಿಡಿದ ಮೇಲೆ ಅದು ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕಟ್ಟಿಹಾಕುತ್ತದೆ. ಅದರ ಲೈನಿಂಗ್ ಸವೆದಿದ್ದರೆ ಅಥವಾ ಆಯಿಲ್ ಹಳತಾಗಿದ್ದರೆ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತದೆ. ಆದರೆ ಇಂಜಿನ್ ಮಿಸ್‌ಫೈರ್ ಆದರೂ, ಅಂದರೆ ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿದ್ದರೂ, ಹೆಚ್ಚುಕಡಿಮೆ ಇದೇ ತರ ನಡುಕ ಬರುತ್ತದೆ, ಅದೇ ತೊಂದರೆ. ಸ್ಪಾರ್ಕ್ ಪ್ಲಗ್ಗೋ ಇಗ್ನಿಷನ್ ಕಾಯಿಲೋ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಗೇರ್‌ಬಾಕ್ಸ್ ಬಿಚ್ಚಿದ ಕಾರುಗಳನ್ನು ನೋಡಿದ್ದೇನೆ. ಎರಡನ್ನೂ ಬೇರೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ. ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆಯಲ್ಲಿ ನಡುಕ ಶುರುವಾದಾಗ ಬಲಗಾಲು ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಬೇಕು. ಬ್ರೇಕ್ ಸ್ವಿಚ್ಚಿನ ಸಂದೇಶ ಬಂದ ತಕ್ಷಣ ಕಂಪ್ಯೂಟರ್ ಲಾಕ್‌ಅಪ್ ಬಿಡಿಸುತ್ತದೆ. ನಡುಕ ಆ ಕ್ಷಣಕ್ಕೇ ನಿಂತರೆ ಕನ್ವರ್ಟರ್ ಮೇಲೆ ಅನುಮಾನ, ಹಾಗೇ ಮುಂದುವರಿದರೆ ಇಂಜಿನ್ ಕಡೆ ನೋಡಿ. ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಇಂಜಿನ್ ಶಕ್ತಿಯನ್ನೇ ಕಡಿಮೆ ಮಾಡಿಬಿಡುವ ಹೊಸ ಕಾರುಗಳಿವೆ, ಅವುಗಳಲ್ಲಿ ಈ ಉಪಾಯ ನಡೆಯಲ್ಲ. ಎಡಗಾಲಿನಲ್ಲಿ ಮೆಲ್ಲಗೆ ಬ್ರೇಕ್ ಮುಟ್ಟುವ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ ಕೈಗೇ ಕಾರು ಕೊಡಿ.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಇರುವ ಕಾರಾದರೆ ಹೆಚ್ಚಿನವುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ನೋಡಬೇಕು. ಕೆಲವು ಕಂಪನಿಯವರು ಇಂಜಿನ್ ಆಫ್ ಮಾಡಿ ನೋಡಿ ಅನ್ನುತ್ತಾರೆ, ಕಾರಿನ ಪುಸ್ತಕ ಹೇಳಿದ್ದೇ ಸರಿ. ಈಗಿನ ಬಹಳಷ್ಟು ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕಾರನ್ನು ಸಮತಟ್ಟಾಗಿ ಮೇಲೆತ್ತಿ, ಇಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಸ್ಕ್ಯಾನರಿನಲ್ಲಿ ಆಯಿಲಿನ ಬಿಸಿ ನೋಡಿಕೊಂಡು ಆಯಿಲ್ ಮಟ್ಟ ತೋರಿಸುವ ಪ್ಲಗ್ ಬಿಚ್ಚಬೇಕು. ಆ ಬಿಸಿ ಎಷ್ಟಿರಬೇಕು ಅನ್ನೋದು ಗೇರ್‌ಬಾಕ್ಸಿನಿಂದ ಗೇರ್‌ಬಾಕ್ಸಿಗೆ ಬೇರೆ, 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕೇಳುವವು ತುಂಬಾ. ಬಿಸಿ ಆದಷ್ಟೂ ಆಯಿಲ್ ಉಬ್ಬುತ್ತದೆ, ಅದಕ್ಕೇ ಇಷ್ಟು ರಗಳೆ. ಬಿಸಿ ನೋಡದೆ ತುಂಬಿಸಿದವರು ಒಂದೋ ಕಮ್ಮಿ ಹಾಕುತ್ತಾರೆ, ಒಂದೋ ಜಾಸ್ತಿ. ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ಎರಡರಲ್ಲೂ ಕೊನೆಗೆ ಆಗೋದು ಸ್ಲಿಪ್ಪೇ.

ಒಂದು ಹನಿಯನ್ನು ಬಿಳಿ ಪೇಪರ್ ಮೇಲೆ ಬಿಟ್ಟು ನೋಡಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪು, ಹಸಿರು ಹಳದಿ ಬಣ್ಣದವೂ ಇವೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಅಷ್ಟೇ, ಗಾಬರಿ ಬೇಡ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿದೆ. ಹಾಲು ಬೆರೆಸಿದ ಗುಲಾಬಿ ಬಣ್ಣ ಕಂಡರೆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ರೇಡಿಯೇಟರ್ ಕಡೆಯ ಆಯಿಲ್ ಕೂಲರ್ ಒಡೆದು ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗಿರುತ್ತದೆ. ಪ್ಲೇಟಿಗೆ ಲೈನಿಂಗ್ ಅಂಟಿಸಿದ ಅಂಟನ್ನು ಅದು ಬಿಡಿಸಿಹಾಕುತ್ತದೆ. ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ, ಅಂದರೆ ಪ್ಯಾನ್ ಬಿಚ್ಚಿದಾಗ ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇರೋದು ಮಾಮೂಲು. ಬೆರಳಲ್ಲಿ ಉಜ್ಜಿದಾಗ ಚೂರು ಚುಚ್ಚಿದರೆ, ಹಿತ್ತಾಳೆ ಬಣ್ಣದ ಪುಡಿ ಮಿಂಚಿದರೆ ಒಳಗೆ ಬುಷ್ಷೋ ವಾಷರ್ರೋ ಸವೆಯುತ್ತಿದೆ.

‘ಇದು ಜೀವನಪೂರ್ತಿ ಆಯಿಲ್, ಬದಲಾಯಿಸೋದೇ ಬೇಡ’ ಅನ್ನೋ ಮಾತನ್ನು ನಾನು ನಂಬಲ್ಲ. ಯಾರ ಜೀವನ ಅಂತ ಅವರು ಹೇಳಲ್ಲ ನೋಡಿ. ಎಷ್ಟೋ ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ತನ್ನ ಆಟೋಮ್ಯಾಟಿಕ್‌ಗಳ ಆಯಿಲನ್ನು 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಾಯಿಸಿ ಎಂದೇ ಹೇಳುತ್ತದೆ. ಹಿಂದೆ ಟ್ರೇಲರ್ ಕಟ್ಟಿ ಎಳೆಯುವವರು, ಬೆಟ್ಟದ ದಾರಿಯಲ್ಲೇ ಓಡಿಸುವವರು, ದಿನಾ ಟ್ರಾಫಿಕ್‌ನಲ್ಲಿ ನಿಲ್ಲುವವರು ಇನ್ನೂ ಬೇಗ ಮಾಡಿಸಬೇಕು. ಪ್ಲಗ್ ಬಿಚ್ಚಿದಾಗ ಪೂರ್ತಿ ಆಯಿಲ್ ಹೊರಗೆ ಬರಲ್ಲ ಅನ್ನೋದೂ ನೆನಪಿರಲಿ, ಅರ್ಧದಷ್ಟು ಕನ್ವರ್ಟರಿನಲ್ಲೂ ಪೈಪುಗಳಲ್ಲೂ ಉಳಿದುಬಿಡುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಅಂತರದಲ್ಲಿ ಎರಡು ಮೂರು ಸಲ ಬದಲಾಯಿಸೋದು ನನಗೆ ಇಷ್ಟ. ಸಿವಿಟಿಗೆ ಸಿವಿಟಿ ಆಯಿಲೇ ಹಾಕಬೇಕು, ಬೇರೆ ಹಾಕಿದರೆ ಬೆಲ್ಟ್ ಪುಲ್ಲಿ ಮೇಲೆ ಜಾರಿ ಎರಡೂ ಹಾಳು.

‘ಆಯಿಲ್ ಬದಲಾಯಿಸಿದ್ದಕ್ಕೇ ಗೇರ್‌ಬಾಕ್ಸ್ ಹೋಯಿತು’ ಅಂತ ಒಂದು ದೂರು ಇದೆ. ಹೆಚ್ಚಿನ ಸಲ ಆಗಿರೋದು ಇಷ್ಟು: ಸ್ಲಿಪ್ ಶುರುವಾದ ಮೇಲೆ ಕೊನೆಯ ಆಸೆ ಅಂತ ಆಯಿಲ್ ಹಾಕಿಸಿರುತ್ತಾರೆ, ಸುಟ್ಟ ಪ್ಲೇಟಿಗೆ ಹೊಸ ಆಯಿಲ್ ಏನು ಮಾಡೀತು? ಹಾಗಂತ ವರ್ಷಾನುಗಟ್ಟಲೆ ಮುಟ್ಟದ ಗೇರ್‌ಬಾಕ್ಸಿಗೆ ಮಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿ ಅಂತಲೂ ನಾನು ಹೇಳಲ್ಲ. ಕೂತಿರುವ ಕೊಳೆ ಎದ್ದು, ಆಯಿಲನ್ನು ಬೇಕಾದ ಕ್ಲಚ್‌ಗೆ ಕಳಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ.

ಇನ್ನು ಸ್ಕ್ಯಾನರ್. ಪಿ0700 ಅನ್ನೋ ದೋಷದ ಕೋಡ್ ಬಂದಿದೆ, ಗೇರ್‌ಬಾಕ್ಸ್ ಹೋಗಿದೆ ಅನ್ನುವವರ ಮಾತು ಕೇಳಬೇಡಿ. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಹೋಗಿ ನೋಡಿ ಅನ್ನೋದು ಮಾತ್ರ ಅದರ ಅರ್ಥ. ನಿಜವಾದ ಕೋಡ್ ಅದರ ಹಿಂದೆ ಇರುತ್ತದೆ. ಪಿ0730 ಅಂದರೆ ಗೇರಿನ ಅನುಪಾತ ಹೊಂದುತ್ತಿಲ್ಲ, ಪಿ0741 ಅಂದರೆ ಲಾಕ್‌ಅಪ್ ಸರಿಯಾಗಿ ಹಿಡಿಯುತ್ತಿಲ್ಲ. ಕೋಡಿಗಿಂತ ನನಗೆ ಲೈವ್ ಡೇಟಾ, ಅಂದರೆ ಕಾರು ಓಡುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿಗಳ ಮೇಲೆ ನಂಬಿಕೆ ಜಾಸ್ತಿ. ಗೇರ್‌ಬಾಕ್ಸಿಗೆ ಒಳಬರುವ ಶಾಫ್ಟಿನ ವೇಗ, ಹೊರಹೋಗುವ ಶಾಫ್ಟಿನ ವೇಗ ಎರಡೂ ಪರದೆ ಮೇಲೆ ಕಾಣುತ್ತವೆ. ಅನುಪಾತ 1:1 ಇರುವ ಗೇರಿನಲ್ಲಿ ಒಳಗೆ ನಿಮಿಷಕ್ಕೆ 2000 ಸುತ್ತು, ಹೊರಗೆ 1850 ಎಂದು ತೋರಿಸಿದರೆ, ಸೆನ್ಸರ್ ಸರಿ ಇದೆ ಎಂದಾದರೆ, ಆ 150 ಸುತ್ತು ಕ್ಲಚ್ ಪ್ಲೇಟಿನ ಮೇಲೆ ಉಜ್ಜಿ ಬಿಸಿಯಾಗಿ ಹೋಗುತ್ತಿದೆ. ಆದರೆ ಸೆನ್ಸರೇ ಕೆಟ್ಟು ತಪ್ಪು ಲೆಕ್ಕ ಕೊಟ್ಟರೂ ಕಂಪ್ಯೂಟರ್ ಅದನ್ನು ಸ್ಲಿಪ್ ಎಂದೇ ಓದಿ, ಗೇರ್‌ಬಾಕ್ಸ್ ಉಳಿಸಲು ಲಿಂಪ್ ಮೋಡಿಗೆ ಹೋಗಿ, ಒಂದೇ ಗೇರಿನಲ್ಲಿ ಕಟ್ಟಿಹಾಕುತ್ತದೆ. ಹಾಗಾಗಿ ಕೋಡ್ ನೋಡಿದ ಮೇಲೆ ಮೊದಲು ಬ್ಯಾಟರಿ ವೋಲ್ಟೇಜ್, ಅರ್ಥಿಂಗ್ ವೈರು, ಗೇರ್‌ಬಾಕ್ಸಿನ ಕನೆಕ್ಟರ್. ಕನೆಕ್ಟರ್ ಬಿಚ್ಚಿದಾಗ ಒಳಗೆ ಆಯಿಲ್ ಒಸರಿದ್ದರೆ ಅದರ ಸೀಲ್ ಬದಲಾಯಿಸಿ, ಪಿನ್ನುಗಳನ್ನು ಒರೆಸಿ, ವೈರಿನೊಳಗೆ ಎಷ್ಟು ದೂರ ಹೋಗಿದೆ ಅಂತ ನೋಡಬೇಕು. ಸೋಲುತ್ತಿರುವ ಬ್ಯಾಟರಿ ಇಡೀ ಗೇರ್‌ಬಾಕ್ಸೇ ಕೆಟ್ಟಂತೆ ನಾಟಕ ಆಡಿಸಬಲ್ಲದು.

ಡಿ ಅಥವಾ ಆರ್ ಹಾಕಿದಾಗ ಮಾತ್ರ ಧಡ್ ಅಂದು, ಓಡುವಾಗ ಗೇರ್‌ಗಳು ನಯವಾಗಿ ಬದಲಾಗುತ್ತಿದ್ದರೆ ಇಂಜಿನ್ ಮೌಂಟಿಂಗ್ ನೋಡಿ. ಬಾನೆಟ್ ಎತ್ತಿ, ಒಬ್ಬರು ಬ್ರೇಕ್ ಒತ್ತಿಕೊಂಡು ಗೇರ್ ಬದಲಾಯಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಇಂಜಿನ್ ಎಷ್ಟು ಜಿಗಿಯುತ್ತದೆ ಅಂತ ನೋಡಲಿ. ಕಾರಿನ ಮುಂದೆ ಮಾತ್ರ ನಿಲ್ಲಬೇಡಿ.

ಓಡಿಸುವಾಗಿನ ಅಭ್ಯಾಸಗಳಲ್ಲಿ ಎರಡು ಮಾತ್ರ ಹೇಳುತ್ತೇನೆ. ಕಾರು ಹಿಂದಕ್ಕೆ ಉರುಳುತ್ತಿರುವಾಗಲೇ ಡಿ ಹಾಕಬೇಡಿ, ಪೂರ್ತಿ ನಿಲ್ಲಲಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಒತ್ತಿ, ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಭಾರ ಅದರ ಮೇಲೆ ಕೂತ ನಂತರ ಪಿ ಹಾಕಿ. ಇಲ್ಲವಾದರೆ ಇಡೀ ಕಾರಿನ ಭಾರ ಗೇರ್‌ಬಾಕ್ಸ್ ಒಳಗಿನ ಬೆರಳುದ್ದದ ಒಂದು ಕೊಂಡಿಯ ಮೇಲೆ ಬೀಳುತ್ತದೆ. ಕೆಟ್ಟು ನಿಂತಾಗ ಚಕ್ರ ನೆಲದ ಮೇಲಿಟ್ಟು ಎಳೆಸಬೇಡಿ. ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಒಳಗೆ ಆಯಿಲ್ ಹರಿಯಲ್ಲ. ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಕರೆಸಿ.

ಇಷ್ಟೆಲ್ಲ ನೋಡಿದ ಮೇಲೂ ಇಳಿಸಲೇಬೇಕು ಅಂತಾದರೆ, ಒಪ್ಪುವ ಮುಂಚೆ ಕೂಲರ್ ಬಗ್ಗೆ ಕೇಳಿ. ಹಳೇ ಗೇರ್‌ಬಾಕ್ಸಿನ ಲೋಹದ ಪುಡಿ ಕೂಲರಿನಲ್ಲೂ ಅದರ ಪೈಪಿನಲ್ಲೂ ಕೂತಿರುತ್ತದೆ. ಅದನ್ನು ತೊಳೆಯದೆ ಅಥವಾ ಬದಲಾಯಿಸದೆ ರಿಪೇರಿಯಾದ ಗೇರ್‌ಬಾಕ್ಸ್ ಕೂರಿಸಿದರೆ ಮೊದಲ ಸ್ಟಾರ್ಟಿಗೇ ಆ ಪುಡಿ ಹೊಸ ವಾಲ್ವ್ ಬಾಡಿಗೆ ಹೋಗುತ್ತದೆ. ಕನ್ವರ್ಟರಿಗೂ ಇದೇ ಮಾತು, ಅದನ್ನು ಕತ್ತರಿಸಿ ತೊಳೆದು ಮತ್ತೆ ಬೆಸೆಯಬೇಕು, ಇಲ್ಲವೇ ಬೇರೆ ಹಾಕಬೇಕು. ಕೆಲಸ ಮುಗಿದ ಮೇಲೆ ಹಳೇ ಗೇರ್‌ಬಾಕ್ಸಿಗೆ ತಕ್ಕಂತೆ ಕಂಪ್ಯೂಟರ್ ಕಲಿತಿದ್ದ ಲೆಕ್ಕವನ್ನು ಅಳಿಸಿ ಹೊಸದಾಗಿ ಕಲಿಸಿ ಅಂತಲೂ ಹೇಳಿ. ಮೊದಲ ಕೆಲವು ದಿನ ಗೇರ್ ಸ್ವಲ್ಪ ಒರಟಾಗಿ ಬಿದ್ದರೆ ಹೆದರಬೇಡಿ, ಮೆಲ್ಲಗೆ ಓಡಿಸುತ್ತಿರಿ. ವಾರ ಕಳೆದರೂ ಹಾಗೇ ಇದ್ದರೆ ಕಾರು ವಾಪಸ್ ತೆಗೆದುಕೊಂಡು ಹೋಗಿ, ಆಯಿಲ್ ಮಟ್ಟವನ್ನು ನಿಮ್ಮ ಎದುರೇ ನೋಡಿಸಿ.